ಕೇಳೋ ದೀಪ, ಹೇಳೋ ದೀಪ

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿಕೊಂಡು ಸಾಗರಕ್ಕೆ ವಾಪಸಾದಾಗ ಊರಿನಲ್ಲಿ ಆ ವಿದ್ಯೆಗೆ ಇದ್ದ ಅರ್ಥ ಒಂದೇ: ರೇಡಿಯೊ ರಿಪೇರಿ. ಮನೆಗೆ ಬಂದವರೆಲ್ಲ ಕೆಟ್ಟ ಟ್ರಾನ್ಸಿಸ್ಟರ್ ಒಂದನ್ನು ಕೈಚೀಲದಲ್ಲಿ ಹಾಕಿಕೊಂಡೇ ಬರುತ್ತಿದ್ದರು. ಕಾಫಿ ಕುಡಿದು, ರೇಡಿಯೊ ಸರಿಮಾಡಿಸಿಕೊಂಡು, ಹೋಗುವಾಗ ಬಾಗಿಲಲ್ಲಿ ನಿಂತು "ಹುಡುಗಿಗೆ ಇಷ್ಟೆಲ್ಲ ಓದಿಸಿದ್ದು ಹೆಚ್ಚಾಯ್ತು" ಎಂದು ಅಪ್ಪನಿಗೆ ತಿಳಿವಳಿಕೆ ಹೇಳಿ ಹೋಗುತ್ತಿದ್ದರು. ರೇಡಿಯೊ ಹಾಡುತ್ತಲೇ ಅವರ ಹಿಂದೆ ಹೋಗುತ್ತಿತ್ತು.

ಹೀಗಿರುವಾಗ ಆನಂದಪುರ ದಾಟಿ ಶಿವಮೊಗ್ಗ ರಸ್ತೆಯಲ್ಲಿದ್ದ ಒಂದು ಅಕ್ಕಿ ಮಿಲ್ಲಿನಿಂದ ನನಗೆ ಕರೆ ಬಂತು. ಎಂಬತ್ತರ ದಶಕ ಅರ್ಧ ಕಳೆದಿತ್ತು. ಮಿಲ್ಲಿನ ಸಾಹುಕಾರರು ತೀರ್ಥಹಳ್ಳಿ ತಾಲ್ಲೂಕಿನವರು, ಅರಳಸುರಳಿ ಕಡೆಯ ದೊಡ್ಡ ಹಿಡುವಳಿಯ ಮನೆತನ. ಎಪ್ಪತ್ತರ ದಶಕದಲ್ಲಿ ಭೂಸುಧಾರಣೆಯ ಕಾನೂನು ಬಂದು ಅವರ ಗದ್ದೆಗಳಲ್ಲಿ ಅರ್ಧಕ್ಕೂ ಹೆಚ್ಚು ಗೇಣಿದಾರರ ಪಾಲಾಗಿತ್ತು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಇವರು ರಸ್ತೆ ಬದಿಯಲ್ಲಿ ಮಿಲ್ ಹಾಕಿದರು. ಗದ್ದೆ ಯಾರದಾದರೇನು, ಭತ್ತ ಅಕ್ಕಿಯಾಗಬೇಕಾದರೆ ನಮ್ಮ ಬಾಗಿಲಿಗೇ ಬರಬೇಕಲ್ಲ ಎನ್ನುವುದು ಅವರ ತತ್ವಜ್ಞಾನ.

ಸಂದರ್ಶನ ಸಾಹುಕಾರರ ಮೇಜಿನ ಮುಂದೆಯೇ ನಡೆಯಿತು.

"ಬೆಂಗಳೂರಿಂದ ಒಂದು ಕಂಟ್ರೋಲ್ ಪೆಟ್ಟಿಗೆ ಬರ್ತಿದೆ. ಇಡೀ ಮಿಲ್ಲು ಅದೇ ನಡೆಸ್ತದಂತೆ. ಆದ್ರೆ ಎಲೆಕ್ಟ್ರಾನಿಕ್ಸ್ ಕಲಿತೋರು ಒಬ್ರು ಜೊತೆಗಿರ್ಲೇಬೇಕು ಅಂತ ಕಂಪನಿಯೋರ ಹಟ," ಎಂದರು.

"ನಾನು ಏನು ಮಾಡಬೇಕು ಸರ್?"

"ಜೊತೆಗಿರ್ಬೇಕು."

"ಅಷ್ಟೇನಾ?"

"ಮುಟ್ಟೋಕೆ ಹೋಗ್ಬೇಡ. ಭಾರಿ ನಾಜೂಕಂತೆ."

ದೇವಸ್ಥಾನದ ಹುಂಡಿಗೆ ಕಾವಲು ಕೂರಿಸುವಾಗಲೂ ಇದಕ್ಕಿಂತ ಹೆಚ್ಚು ವಿವರಣೆ ಕೊಡುತ್ತಾರೆ. ಆದರೂ ಒಪ್ಪಿಕೊಂಡೆ. ಮನೆಯಲ್ಲಿ ಸುದ್ದಿ ತಿಳಿದು ದೊಡ್ಡಮ್ಮ ಮೊರದಲ್ಲಿದ್ದ ಅಕ್ಕಿಯಿಂದ ತಲೆಯೆತ್ತದೆ ನಮ್ಮ ಮನೆಮಾತಿನಲ್ಲಿ ಹೇಳಿದಳು: "ಅಕ್ಕಿ ಮಿಲ್ಲಿಗೆ ಹೋಪಲೆ ಅಷ್ಟೆಲ್ಲ ಓದವಾ ಕೂಸೇ? ಅಕ್ಕಿ ಕೇರೂದು ಎಂಗೊ ಮನೆಲ್ಲೇ ಕಲಿಸ್ತಿದ್ಯ."

ಪೆಟ್ಟಿಗೆ ಬಂತು. ಅದರ ಜೊತೆಗೆ ಕಂಪನಿಯ ಇಂಜಿನಿಯರೂ ಬಂದರು. ಪೆಟ್ಟಿಗೆ ನೋಡಿ ಮಿಲ್ಲಿನವರಿಗೆಲ್ಲ ನಿರಾಸೆ. ಇಷ್ಟು ದಿನ ಈ ಕೆಲಸಕ್ಕೆ ಗೋಡೆಯುದ್ದಕ್ಕೂ ಬೀರುವಿನಂಥ ರಿಲೇ ಪ್ಯಾನೆಲ್ ಇತ್ತು. ಮೋಟಾರು ಶುರುವಾದಾಗ, ನಿಂತಾಗ ಅದರೊಳಗೆ ಟಕ ಟಕ ಎಂದು ಸದ್ದಾಗುತ್ತಿತ್ತು. ಸದ್ದು ಮಾಡುವ ವಸ್ತುವಿನ ಬಗ್ಗೆ ನಮ್ಮ ಜನಕ್ಕೆ ಒಂದು ಗೌರವ. ಹೊಸದೋ ಎರಡು ಟಿಫಿನ್ ಕ್ಯಾರಿಯರ್ ಅಡ್ಡ ಮಲಗಿಸಿದಷ್ಟು ಉದ್ದ, ಮಾತಿಲ್ಲ ಕತೆಯಿಲ್ಲ. ಮೇಲೊಂದು ಸಾಲು, ಕೆಳಗೊಂದು ಸಾಲು ಸಾಸಿವೆಯಂಥ ಕೆಂಪು ದೀಪಗಳು. ಇದಕ್ಕಾ ಇಷ್ಟೆಲ್ಲ ಎಂಬಂತೆ ಎಲ್ಲರೂ ಸಾಹುಕಾರರ ಮುಖ ನೋಡಿದರು. ಸಾಹುಕಾರರು ಭಟ್ಟರನ್ನು ಕರೆಸಿ ಪೂಜೆ ಮಾಡಿಸಿ, ಪೆಟ್ಟಿಗೆಗೆ ಕುಂಕುಮ ಹಚ್ಚಿಸಿದ ಮೇಲೆ ಅದಕ್ಕೊಂದು ಘನತೆ ಬಂತು. ಗಾಳಿಯಾಡಲೆಂದು ಬಿಟ್ಟಿದ್ದ ಸೀಳಿನೊಳಕ್ಕೆ ಅಕ್ಷತೆ ಬೀಳದಂತೆ ನಾನು ಅಂಗೈ ಅಡ್ಡ ಹಿಡಿದದ್ದು ಆ ಮಿಲ್ಲಿನಲ್ಲಿ ನಾನು ಮಾಡಿದ ಮೊದಲ ತಾಂತ್ರಿಕ ಕೆಲಸ.

ಇಂಜಿನಿಯರರ ತರಬೇತಿ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ನಡೆಯಿತು. ಕಾಫಿ ಬಿಸಿಯಿದ್ದದ್ದರಿಂದ ಸ್ವಲ್ಪ ಎಳೆಯಿತು ಎನ್ನಬಹುದು. ಎಲ್ಲವೂ ಇಂಗ್ಲಿಷಿನಲ್ಲಿ. ಪ್ರೋಗ್ರಾಮ್ ಬರೆಯುವ ಕೈಯಂತ್ರವನ್ನು ಮಗುವಿನಂತೆ ಎದೆಗವಚಿಕೊಂಡಿದ್ದರು. ನಾನು ಒಂದು ಪ್ರಶ್ನೆ ಕೇಳಿದೆ. ಉತ್ತರವನ್ನು ಸಾಹುಕಾರರಿಗೆ ಹೇಳಿದರು. ಇನ್ನೊಂದು ಕೇಳಿದೆ. ಅದರ ಉತ್ತರ ಗೋಡೆಗೆ ಹೋಯಿತು. ಸಂಜೆಯ ಬಸ್ಸಿಗೆ ಅವರು ಹೊರಟುಹೋದರು.

ಮಿಲ್ ನಡೆಸುತ್ತಿದ್ದವನು ಹೊಸನಗರದ ಕಡೆಯ ಒಬ್ಬ ಮೇಸ್ತ್ರಿ. ಅವನ ಅಪ್ಪ ಒಂದು ಕಾಲದಲ್ಲಿ ಸಾಹುಕಾರರ ನೆಂಟರ ಗೇಣಿದಾರ. ಕಾನೂನಿನಿಂದ ಜಮೀನು ಮೇಸ್ತ್ರಿಯ ಮನೆಯವರ ಹೆಸರಿಗಾಗಿತ್ತು. ಈಗ ತನ್ನದೇ ಗದ್ದೆ, ತನ್ನದೇ ಪಹಣಿ ಇದ್ದರೂ ಸಾಹುಕಾರರು ಬಂದರೆ ತಲೆಯ ಮುಂಡಾಸು ತಾನಾಗಿ ಹೆಗಲಿಗಿಳಿಯುತ್ತಿತ್ತು. ಪಹಣಿ ಬದಲಾದಷ್ಟು ಬೇಗ ಬೆನ್ನು ಬದಲಾಗುವುದಿಲ್ಲ. ನನ್ನ ಹತ್ತಿರ ಮಾತ್ರ ಅವನಿಗೆ ಆ ತೊಂದರೆ ಇರಲಿಲ್ಲ.

"ಅಮ್ಮ, ಇದು ಎಂತದು ಅಂತ ನಿಮಗಾದ್ರೂ ಗೊತ್ತೈತಾ, ಇಲ್ಲ ನೀವೂ ನಮ್ಮ ಹಂಗೇ ಕೂತಿರೋದಾ?" ಎಂದು ಕೇಳಿದ.

ಗೊತ್ತಿರಲಿಲ್ಲ. ನಮಗೆ ಕಾಲೇಜಿನಲ್ಲಿ ಅದರ ಹೆಸರನ್ನು ಮಾತ್ರ ಬೋರ್ಡಿನ ಮೇಲೆ ಬರೆದು ಅಳಿಸಿದ್ದರು. ಆದರೆ ಮುಟ್ಟಬೇಡ ಎಂದಿದ್ದರೇ ಹೊರತು ನೋಡಬೇಡ ಎಂದಿರಲಿಲ್ಲ. ಹೀಗಾಗಿ ಇಬ್ಬರೂ ನೋಡಲು ಕುಳಿತೆವು. ಅವನು ಸ್ಟಾರ್ಟ್ ಬಟನ್ ಒತ್ತಿದರೆ ಮೇಲಿನ ಸಾಲಿನಲ್ಲಿ ಒಂದು ದೀಪ ಹೊತ್ತುತ್ತಿತ್ತು. ಮರುಕ್ಷಣ ಕೆಳಗಿನ ಸಾಲಿನಲ್ಲಿ ಇನ್ನೊಂದು ಹೊತ್ತಿ, ಭತ್ತ ಎತ್ತುವ ಎಲಿವೇಟರಿನ ಮೋಟಾರು ತಿರುಗುತ್ತಿತ್ತು. ಎಲಿವೇಟರಿನ ಬುಡದ ಮುಚ್ಚಳ ತೆಗೆದರೆ ಮೇಲೊಂದು ದೀಪ ಆರುತ್ತಿತ್ತು. ಕೂಡಲೇ ಕೆಳಗಿನದೂ ಆರಿ ಮೋಟಾರು ನಿಲ್ಲುತ್ತಿತ್ತು. ಕಣಜ ತುಂಬಿದರೆ ಒಂದು, ಮೋಟಾರು ಕಾದು ಟ್ರಿಪ್ ಆದರೆ ಇನ್ನೊಂದು. ಒಂದು ವಾರದೊಳಗೆ ಯಾವ ದೀಪ ಯಾವುದರದ್ದು ಎಂದು ಬಾಯಿಪಾಠವಾಯಿತು.

ಮೇಲಿನ ಸಾಲು ಇನ್‌ಪುಟ್, ಅಂದರೆ ಹೊರಗಿನ ಸ್ವಿಚ್ಚುಗಳಿಂದ ಪೆಟ್ಟಿಗೆಗೆ ಬರುವ ಸುದ್ದಿ. ಕೆಳಗಿನದು ಔಟ್‌ಪುಟ್, ಪೆಟ್ಟಿಗೆ ಹೊರಗಿನ ಮೋಟಾರಿಗೆ, ಸೈರನ್ನಿಗೆ ಕೊಡುವ ಹುಕುಂ. ಮೇಸ್ತ್ರಿಗೆ ಹಾಗೆ ವಿವರಿಸಿದೆ.

"ಹಂಗಾರೆ ಮ್ಯಾಲಿಂದು ಕೇಳೋ ದೀಪ, ಕೆಳಗಿಂದು ಹೇಳೋ ದೀಪ," ಎಂದ.

ನನ್ನ ಪಠ್ಯಪುಸ್ತಕದಲ್ಲಿ ಇಷ್ಟು ಚೊಕ್ಕ ಮಾತು ಇರಲಿಲ್ಲ. ಅವತ್ತಿನಿಂದ ಮಿಲ್ಲಿನಲ್ಲಿ ಆ ಹೆಸರೇ ನಿಂತಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎಲಿವೇಟರ್ ಶುರುವಾಗಲೇ ಇಲ್ಲ. ಬಟನ್ ಒತ್ತಿ ಒತ್ತಿ ಮೇಸ್ತ್ರಿಯ ಹೆಬ್ಬೆರಳು ಕೆಂಪಾಯಿತು. ಸಾಹುಕಾರರು ಬಂದು ಪೆಟ್ಟಿಗೆಯ ಹಣೆ ಮುಟ್ಟಿ ನೋಡಿ "ಬಿಸಿಯಾಗಿದೆ" ಎಂದರು. ತಕ್ಷಣ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿಸಿದರು. ಕಾಲ್ ಸಿಗುವವರೆಗೆ ನನಗೆ ಬಿಡುವಿತ್ತು. ದೀಪಗಳನ್ನು ನೋಡಿದೆ. ಕಣಜ ತುಂಬಿದೆ ಎನ್ನುವ ಕೇಳೋ ದೀಪ ಉರಿಯುತ್ತಿತ್ತು. ಕಣಜ ಮಾತ್ರ ಹಿಂದಿನ ಸಂಜೆಯೇ ಖಾಲಿಯಾಗಿತ್ತು. ತುಂಬಿದ ಕಣಜಕ್ಕೆ ಮತ್ತೆ ಭತ್ತ ಸುರಿಯದಿರುವುದು ಪೆಟ್ಟಿಗೆಯ ಧರ್ಮ. ಅದಕ್ಕೆ ಹೋದ ಸುದ್ದಿಯೇ ಸುಳ್ಳು.

ಏಣಿ ಹತ್ತಿ ಇಣುಕಿದೆವು. ಕಣಜದೊಳಗಿನ ಲೆವೆಲ್ ಸ್ವಿಚ್ಚಿನ ತಟ್ಟೆಗೆ ತೇವದ ಹೊಟ್ಟು ಮೆತ್ತಿ, ಅದು ಒತ್ತಿದಂತೆಯೇ ಅಂಟಿಕೊಂಡಿತ್ತು. ಮೇಸ್ತ್ರಿ ಕೋಲಿನಿಂದ ಕೆರೆದ. ದೀಪ ಆರಿತು. ಬಟನ್ ಒತ್ತಿದ, ಮಿಲ್ ಶುರುವಾಯಿತು.

ಸಾಹುಕಾರರಿಗೆ ಇದು ಹಿಡಿಸಲಿಲ್ಲ. "ಕೋಲಲ್ಲಿ ಕೆರೆದು ಸರಿ ಮಾಡೋ ಹಾಗಿದ್ರೆ ಅದೆಂಥಾ ಕಂಪ್ಯೂಟರು?" ಎಂದರು. ನಡೆಯುತ್ತಿದ್ದ ಮಿಲ್ಲನ್ನು ರಿಪೇರಿ ಮಾಡಲು ಮರುದಿನ ಇಂಜಿನಿಯರರು ಬಂದರು. ಕೈಯಂತ್ರ ಜೋಡಿಸಿ, ಹುಬ್ಬು ಗಂಟಿಕ್ಕಿ ಗುಂಡಿಗಳನ್ನು ಒತ್ತಿ, "ಪ್ರೋಗ್ರಾಮಿನಲ್ಲಿ ಸಣ್ಣ ತಿದ್ದುಪಡಿ ಮಾಡಿದ್ದೇನೆ, ಇನ್ನು ತೊಂದರೆಯಿಲ್ಲ" ಎಂದರು. ಸಾಹುಕಾರರು ಅವರನ್ನು ಮನೆಗೆ ಕರೆದೊಯ್ದು ಊಟ ಹಾಕಿಸಿದರು. ಕೋಲಿಗೆ ಊಟ ಹಾಕಿದವರು ಯಾರೂ ಇಲ್ಲ.

ದೀಪದ ವಿದ್ಯೆ ಕಲಿತ ಮೇಸ್ತ್ರಿ ಸುಮ್ಮನೆ ಕೂರುವ ಆಸಾಮಿಯಲ್ಲ. ಸುಗ್ಗಿಯಲ್ಲಿ ಭತ್ತದ ಜೊತೆ ಹುಲ್ಲು, ಗೋಣಿನಾರು ಬಂದು ಎಲಿವೇಟರಿನ ಬುಡ ಕಟ್ಟಿಕೊಳ್ಳುತ್ತಿತ್ತು. ಬಿಡಿಸಲು ಮುಚ್ಚಳ ತೆಗೆದ ಕೂಡಲೇ ಮೋಟಾರು ನಿಲ್ಲುತ್ತಿತ್ತು. ತೆಗೆದವನ ಕೈ ಒಳಗಿನ ಬೆಲ್ಟಿಗೆ ಸಿಗಬಾರದೆಂದೇ ಆ ಸ್ವಿಚ್ಚು ಇದ್ದದ್ದು. ಹೊರಗೆ ಗಾಡಿಗಳ ಸಾಲು. ಸಾಹುಕಾರರು ಬಂದು, "ಎಂಥದು ಮಾರಾಯ, ಗಳಿಗೆಗೊಂದ್ಸಲ ನಿಲ್ತದೆ? ಏನಾದ್ರೂ ಮಾಡು" ಎಂದರು. ಮೇಸ್ತ್ರಿ ಏನಾದರೂ ಮಾಡಿದ. ಹಳೇ ಸೈಕಲ್ ಟ್ಯೂಬ್ ಸೀಳಿ ಆ ಸ್ವಿಚ್ಚಿನ ನಾಲಗೆಯನ್ನು ಒತ್ತಿ ಹಿಡಿಯುವಂತೆ ಬಿಗಿದು ಕಟ್ಟಿದ. ಮುಚ್ಚಳ ತೆಗೆದಿದ್ದರೂ ಕೇಳೋ ದೀಪ ಉರಿಯುತ್ತಲೇ ಇತ್ತು. ಮುಚ್ಚಿದೆಯಂತೆ ಎಂದು ನಂಬಿ ಪೆಟ್ಟಿಗೆ ಮೋಟಾರು ತಿರುಗಿಸುತ್ತಲೇ ಇತ್ತು.

ನೋಡಿದ್ದೇ ಮೇಸ್ತ್ರಿಯನ್ನು ಕರೆದೆ. "ಇದನ್ನು ಬಿಚ್ಚು. ಕೈ ಹೋದರೆ ಪೆಟ್ಟಿಗೆ ತಂದುಕೊಡೋದಿಲ್ಲ," ಎಂದೆ.

"ಅಯ್ಯ ಹೇಳ್ಯಾರಲ್ಲಮ್ಮ. ಅವರ ಹತ್ರಾನೇ ಕೇಳಿ."

ಕೇಳಿದೆ. ಸಾಹುಕಾರರು ಎಲೆಯಡಿಕೆ ಜಗಿಯುತ್ತ ಯೋಚಿಸಿ ಹೇಳಿದರು: "ಪೆಟ್ಟಿಗೆಗೇ ಗೊತ್ತಾಗ್ಲಿಲ್ಲ. ನಿಂಗ್ಯಾಕೆ ಗೊತ್ತಾಗ್ಬೇಕು?"

ಅದೇ ಸುಮಾರಿಗೆ ಇನ್ನೊಂದು ಸುಧಾರಣೆಯೂ ಆಯಿತು. ಗೋಡೆಯ ಮೇಲೆ ಅಣಬೆಯಂಥ ದೊಡ್ಡ ಕೆಂಪು ಬಟನ್ ಒಂದಿತ್ತು. ಆಪತ್ತಿನಲ್ಲಿ ಅದನ್ನು ಗುದ್ದಿದರೆ ಎಲ್ಲ ಮೋಟಾರುಗಳೂ ಒಟ್ಟಿಗೆ ನಿಲ್ಲಬೇಕು. ಅಷ್ಟು ಚೆಂದದ ಬಟನ್ನನ್ನು ಬಂದವರೆಲ್ಲ ಒತ್ತಿ ನೋಡುತ್ತಿದ್ದರು. ಸಾಹುಕಾರರು ಬಡಗಿಯಿಂದ ಅದಕ್ಕೊಂದು ಬೀಟೆಯ ಪೆಟ್ಟಿಗೆ ಮಾಡಿಸಿ, ಬೀಗ ಜಡಿಸಿ, ಕೀಲಿಯನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡರು. ಬಡಗಿಯ ಕೆಲಸ ನಿಜವಾಗಿಯೂ ಚೆನ್ನಾಗಿತ್ತು, ಸುತ್ತ ಬಳ್ಳಿಯ ಕೆತ್ತನೆಯಿತ್ತು.

ಸುಗ್ಗಿ ಮುಗಿದ ಮೇಲೆ ಸಾಹುಕಾರರು ತೀರ್ಥಹಳ್ಳಿ, ಹೊಸನಗರ ಕಡೆಯ ಕೆಲವು ಮಿಲ್ ಮಾಲೀಕರನ್ನು ತಮ್ಮ ಪೆಟ್ಟಿಗೆ ನೋಡಲು ಕರೆದರು. ಇಡ್ಲಿ, ಕೇಸರಿಬಾತು, ಕಾಫಿ ಆಯಿತು. ಸಾಹುಕಾರರು ಅಂಚಿನ ಪಂಚೆ ಉಟ್ಟು, ಶಲ್ಯ ಹೊದ್ದು, ಅತಿಥಿಗಳನ್ನು ಮಿಲ್ಲಿನೊಳಗೆ ಕರೆದುಕೊಂಡು ಬಂದರು. ಮಿಲ್ ಓಡುತ್ತಿತ್ತು. ನನ್ನನ್ನು ತೋರಿಸಿ "ಇವಳು ಇದನ್ನ ನೋಡ್ಕೊಳ್ಳೋದು" ಎಂದರು. ಅಕ್ಷರಶಃ ಸತ್ಯ. ಅತಿಥಿಗಳಲ್ಲಿ ಹೊಸನಗರದ ಒಬ್ಬ ಮುದುಕರು "ಕೈ ಗಿಯ್ ಸಿಕ್ಕೊಂಡ್ರೆ ಎಂತ ಮಾಡ್ತದೆ ಇದು?" ಎಂದು ಕೇಳಿದರು.

"ಹಾಗೆ ಕೇಳಿ," ಎಂದರು ಸಾಹುಕಾರರು. ಅವರ ಮುಖ ಅರಳಿತು. "ಇಲ್ಲಿ ಬನ್ನಿ. ಈ ಮುಚ್ಚಳ ನೋಡಿ. ಇದನ್ನ ಇಷ್ಟು ಎತ್ತಿದ್ರೆ ಸಾಕು, ಅದಕ್ಕೆ ಗೊತ್ತಾಗಿ ತಾನಾಗೇ ನಿಲ್ತದೆ."

ತಾವೇ ಕಟ್ಟಿಸಿದ್ದು ಆ ಗಳಿಗೆಯಲ್ಲಿ ಅವರಿಗೆ ಮರೆತುಹೋಗಿತ್ತು. ಅತಿಥಿಗಳ ಮುಂದೆ ಮನುಷ್ಯ ತನ್ನ ಜಾಹೀರಾತನ್ನು ತಾನೇ ನಂಬಿಬಿಡುತ್ತಾನೆ. ಮೇಸ್ತ್ರಿಗೆ ಮರೆತಿರಲಿಲ್ಲ. ಮುಖ ಬಿಳಿಚಿ "ಅಯ್ಯ, ಬ್ಯಾಡಿ" ಎಂದ. ಸಾಹುಕಾರರಿಗೆ ಅದು ಅಧಿಕಪ್ರಸಂಗವಾಗಿ ಕಂಡಿರಬೇಕು. ಅವನತ್ತ ನೋಡದೆ ಬಗ್ಗಿ ಮುಚ್ಚಳ ಎತ್ತಿಯೇಬಿಟ್ಟರು.

ಏನೂ ನಿಲ್ಲಲಿಲ್ಲ. ಮೊಣಕಾಲೆತ್ತರದ ಆ ಬಾಯಿಯೊಳಗೆ ಬೆಲ್ಟು ರೊಯ್ಯನೆ ಓಡುತ್ತಿತ್ತು. ಸಾಹುಕಾರರು ಇನ್ನಷ್ಟು ಬಗ್ಗಿ "ಈಗ ನಿಲ್ತದೆ" ಎಂದರು. ಅಷ್ಟರಲ್ಲಿ ಪಂಚೆಯ ಚುಂಗು ಒಳಗೆ ಹೋಯಿತು. ಬೆಲ್ಟು ಅದನ್ನು ಸರಸರನೆ ಎಳೆಯತೊಡಗಿದಾಗ ಬಿಡಿಸಲು ಕೈ ಹಾಕಿದರು. ಮೇಸ್ತ್ರಿ ಹಿಂದಿನಿಂದ ಅವರ ಸೊಂಟವನ್ನು ಬಾಚಿ ತಬ್ಬಿ ಎಳೆದು ಹಿಡಿದ. ಯಾರೋ "ಕೆಂಪು ಬಟನ್" ಎಂದು ಕೂಗಿದರು. ಕೆಂಪು ಬಟನ್ ಬೀಟೆಯ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಕೀಲಿ ಬೆಲ್ಟು ಎಳೆಯುತ್ತಿದ್ದ ಸೊಂಟದಲ್ಲೇ ಇತ್ತು.

ನಾನು ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನತ್ತ ಓಡಿ ಅದರ ಹಿಡಿಯನ್ನು ಎರಡೂ ಕೈಯಿಂದ ಕೆಳಗೆಳೆದೆ. ಇಡೀ ಮಿಲ್ ನಿಟ್ಟುಸಿರು ಬಿಟ್ಟಂತೆ ನಿಧಾನವಾಗಿ ನಿಂತಿತು.

ತಿರುಗಿ ನೋಡಿದರೆ ಸಾಹುಕಾರರು ಪಟ್ಟೆಪಟ್ಟೆಯ ಚಡ್ಡಿಯಲ್ಲಿ, ಶಲ್ಯ ಮಾತ್ರ ಹೆಗಲ ಮೇಲೆ ಸರಿಯಾಗಿಯೇ ಇದ್ದು, ಮೇಸ್ತ್ರಿಯ ತೆಕ್ಕೆಯಲ್ಲಿ ನಿಂತಿದ್ದರು. ಬಲಗೈಯ ಬೆರಳುಗಳು ತರಚಿ ರಕ್ತ ಬರುತ್ತಿತ್ತು, ಮಣಿಕಟ್ಟು ಉಳುಕಿತ್ತು. ಇನ್ನೊಂದು ಉಸಿರಿನಷ್ಟು ತಡವಾಗಿದ್ದರೆ ಕೈಯೇ ಹೋಗುತ್ತಿತ್ತು. ನನಗೆ ನಗು ಬಂದದ್ದು ಮನೆಗೆ ಹೋಗುವ ಬಸ್ಸಿನಲ್ಲಿ ಆನಂದಪುರ ದಾಟಿದ ಮೇಲೆ, ಅದೂ ಅಳುವಿನ ಜೊತೆಗೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೀಟು ಬದಲಾಯಿಸಿದಳು.

ವಿಚಾರಣೆಗೆ ಇಂಜಿನಿಯರರು ಬಂದರು. ಅಷ್ಟರಲ್ಲಿ ಸಾಹುಕಾರರ ಕೈ ಬಟ್ಟೆಯ ಜೋಳಿಗೆಯಲ್ಲಿತ್ತು, ತೀರ್ಮಾನ ಸಿದ್ಧವಾಗಿತ್ತು. ಪ್ರೋಗ್ರಾಮೇ ತಪ್ಪು, ಕಂಪನಿ ಪೆಟ್ಟಿಗೆ ವಾಪಸು ತೆಗೆದುಕೊಳ್ಳಬೇಕು. ನನ್ನನ್ನು ಮೊದಲೇ ಬದಿಗೆ ಕರೆದು, "ನೀನು ಕಲಿತವಳು. ನೀನು ಹೇಳಿದ್ರೆ ಅವರು ಒಪ್ತಾರೆ. ಪ್ರೋಗ್ರಾಮ್ ಕೆಟ್ಟಿತ್ತು ಅಂತ ಒಂದು ಮಾತು ಹೇಳು," ಎಂದರು. ಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಅವರು ಕೇಳಿದ್ದು ಅದೇ ಮೊದಲು.

ಇಂಜಿನಿಯರರು ಕೈಯಂತ್ರ ಜೋಡಿಸಿ ಹುಬ್ಬು ಗಂಟಿಕ್ಕಿದರು. ಆಮೇಲೆ, "ಹೌದು, ಪ್ರೋಗ್ರಾಮಿನಲ್ಲಿ ಒಂದು ಸಣ್ಣ ದೋಷ ಇದ್ದ ಹಾಗಿದೆ" ಎಂದುಬಿಟ್ಟರು. ನಾನು ದಂಗಾದೆ. ದೋಷ ತಮ್ಮದೆಂದು ಸುಳ್ಳೇ ಒಪ್ಪಿಕೊಳ್ಳುವ ಮನುಷ್ಯನನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಪಾಪ, ಅವರಿಗೆ ಗೊತ್ತಿದ್ದದ್ದು ಆ ಒಂದು ರಿಪೇರಿ ಮಾತ್ರ.

"ಸರ್, ಒಂದು ನಿಮಿಷ," ಎಂದೆ. "ಈ ದೀಪ ನೋಡ್ತಾ ಇರಿ." ಹೋಗಿ ಮುಚ್ಚಳ ತೆಗೆದೆ. "ಆರಿತಾ?"

"ಇಲ್ಲ."

ಬ್ಲೇಡಿನಿಂದ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿದೆ. "ಈಗ?"

"ಆರಿತು," ಎಂದರು ಇಂಜಿನಿಯರರು. ಮೊದಲ ಬಾರಿಗೆ ನನ್ನ ಪ್ರಶ್ನೆಯ ಉತ್ತರ ನನಗೇ ಬಂತು.

"ಪೆಟ್ಟಿಗೆ ತನಗೆ ಕೇಳಿಸಿದ್ದನ್ನು ನಂಬಿ ಹೇಳಬೇಕಾದ್ದನ್ನು ಹೇಳಿದೆ. ಸುಳ್ಳು ಕೇಳಿಸಿದ್ದು ನಾವು. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ," ಎಂದೆ.

ಸಾಹುಕಾರರು ಮೇಸ್ತ್ರಿಯತ್ತ ನೋಡಿದರು. ಆ ನೋಟದಲ್ಲಿ ಬೇಕಾದಷ್ಟು ಇತ್ತು, ಅವನಪ್ಪನ ಗೇಣಿಯೂ ಇತ್ತೆಂದು ಕಾಣುತ್ತದೆ. ಮೇಸ್ತ್ರಿಯ ಮುಂಡಾಸು ಅವತ್ತು ಹೆಗಲಿಗಿಳಿಯಲಿಲ್ಲ.

"ಕಟ್ಟಿದ್ದು ನಾನೇ ಸ್ವಾಮಿ," ಎಂದು ಇಂಜಿನಿಯರರಿಗೆ ಹೇಳಿದ. "ಏನಾದ್ರೂ ಮಾಡು ಅಂದ್ರು, ಮಾಡ್ದೆ. ಅಂದೋರು ಯಾರು ಅಂತ ನನ್ನ ಬಾಯಲ್ಲಿ ಹೇಳಿಸ್ಬ್ಯಾಡಿ. ಅವರ ಕೈ ನೋಡಿದ್ರೆ ತಿಳೀತದೆ."

ಸಾಹುಕಾರರು ಬಹಳ ಹೊತ್ತು ತಮ್ಮ ಜೋಳಿಗೆಯ ಕೈಯನ್ನೇ ನೋಡಿಕೊಂಡರು. ಆಮೇಲೆ "ಕಾಫಿ ತರ್ಸಿ" ಎಂದರು. ವಿಚಾರಣೆ ಅಲ್ಲಿಗೆ ಮುಗಿಯಿತು.

ನನ್ನನ್ನು ಕೆಲಸದಿಂದ ತೆಗೆಯುತ್ತಾರೆಂದು ನಾನು ಬುತ್ತಿಯ ಡಬ್ಬಿಯನ್ನೂ ಕೊಡೆಯನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. ತೆಗೆಯಲಿಲ್ಲ. ಶಭಾಶ್ ಎಂದೂ ಅನ್ನಲಿಲ್ಲ. ಮರುದಿನ ಬಡಗಿ ಬಂದು ಬೀಟೆಯ ಪೆಟ್ಟಿಗೆಯನ್ನು ಕಳಚಿಕೊಂಡು ಹೋದ. ಅದು ಸಾಹುಕಾರರ ಮನೆಯಲ್ಲಿ ಎಲೆಯಡಿಕೆ ಇಡಲು ಬಳಕೆಯಾಯಿತೆಂದು ಕೇಳಿದೆ. ಮಿಲ್ಲಿಗೆ ಬಂದ ಹೆಂಡತಿಯ ಕಡೆಯ ನೆಂಟರಿಗೆ ಸಾಹುಕಾರರು ಕೈ ಉಳುಕಿದ್ದು ಬಚ್ಚಲಲ್ಲಿ ಜಾರಿ ಬಿದ್ದು ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. ಬಚ್ಚಲಿಗೆ ತನ್ನ ಪರವಾಗಿ ಮಾತಾಡಲು ಯಾರೂ ಇರಲಿಲ್ಲ.

ಇಂಜಿನಿಯರರು ಮಾತ್ರ ಹೊರಡುವ ಮುಂಚೆ ನನ್ನ ಹತ್ತಿರ ಬಂದರು. "ಆ ದಿನ ನೀವು ಕೇಳಿದ ಪ್ರಶ್ನೆಗಳಿಗೆ ಉತ್ತರ ನನಗೂ ಗೊತ್ತಿರಲಿಲ್ಲ," ಎಂದರು, ಕನ್ನಡದಲ್ಲಿ. ತರಬೇತಿಯ ದಿನ ಇಂಗ್ಲಿಷ್ ಬಿಟ್ಟು ಒಂದು ಮಾತೂ ಆಡಿರಲಿಲ್ಲ. ಆಮೇಲೆ ಕೈಯಂತ್ರವನ್ನು ನನ್ನ ಕೈಗೆ ಕೊಟ್ಟು, ಒಂದು ಮಧ್ಯಾಹ್ನವೆಲ್ಲ ಕೂತು ಅದನ್ನು ಬಳಸುವುದನ್ನು ಕಲಿಸಿದರು. ಇಬ್ಬರೂ ಸೇರಿ ಪ್ರೋಗ್ರಾಮಿನಲ್ಲಿ ಈ ಸಲ ನಿಜವಾಗಿಯೂ ಒಂದು ತಿದ್ದುಪಡಿ ಮಾಡಿದೆವು. ದಿನಾ ಬೆಳಿಗ್ಗೆ ಮಿಲ್ ಶುರುಮಾಡುವ ಮೊದಲು ಆ ಮುಚ್ಚಳವನ್ನು ಒಮ್ಮೆ ತೆಗೆದು ಮುಚ್ಚಬೇಕು. ಕೇಳೋ ದೀಪ ಒಮ್ಮೆ ಆರಿ ಮತ್ತೆ ಹೊತ್ತಿದ್ದನ್ನು ಕಂಡರೆ ಮಾತ್ರ ಪೆಟ್ಟಿಗೆ ಮೋಟಾರಿಗೆ ಹುಕುಂ ಕೊಡುತ್ತದೆ. ಸ್ವಿಚ್ಚನ್ನು ಯಾರಾದರೂ ಮತ್ತೆ ಕಟ್ಟಿದ್ದರೆ ದೀಪ ಆರುವುದೇ ಇಲ್ಲ, ಮಿಲ್ಲೂ ಶುರುವಾಗುವುದಿಲ್ಲ.

ಸಾಹುಕಾರರಿಗೆ ವಿವರಿಸಿದೆ.

"ಅಂದ್ರೆ ಅದಕ್ಕೆ ನಮ್ಮ ಮೇಲೆ ಅನುಮಾನ."

"ಹೌದು ಸರ್."

"ನಮ್ಮ ಮಿಲ್ಲಲ್ಲಿ ಕೂತ್ಕೊಂಡು ನಮ್ಮ ಮೇಲೇ."

"ಹೌದು ಸರ್."

"ಹಾಳಾಗ್ಲಿ," ಎಂದು ಎದ್ದು ಹೋದರು. ಒಪ್ಪಿಗೆಯನ್ನು ಅವರು ಕೊಡುತ್ತಿದ್ದದ್ದೇ ಹಾಗೆ.

ಮುಂದಿನ ಸುಗ್ಗಿಯವರೆಗೆ ನಾನು ಅಲ್ಲಿದ್ದೆ. ಆಮೇಲೆ, ಅವತ್ತು ಪ್ರಶ್ನೆ ಕೇಳಿದ ಹೊಸನಗರದ ಮುದುಕರು ತಮ್ಮ ಮಿಲ್ಲಿಗೆ ಬರುವಂತೆ ಹೇಳಿ ಕಳಿಸಿದರು. ಹೋಗಿ, "ನಿಮ್ಮಲ್ಲೂ ಪೆಟ್ಟಿಗೆ ತಂದಿರಾ?" ಎಂದು ಕೇಳಿದೆ. "ಇಲ್ಲ. ಸ್ವಿಚ್ ಕಟ್ಟೋರು ಮಾತ್ರ ಬೇಕಾದಷ್ಟು ಇದಾರೆ," ಎಂದರು. ದೊಡ್ಡಮ್ಮನಿಗೆ ಹೇಳಿದಾಗ ಅವಳು ತಕ್ಷಣ ಕೇಳಿದ್ದು, "ಅಲ್ಲಿ ಬಸ್ಸು ಇದ್ದಾ, ಇಲ್ಲೆಯಾ?" ಅಕ್ಕಿ ಕೇರುವ ವಿಷಯ ಎತ್ತಲಿಲ್ಲ.

ನಾನು ಬಿಡುವ ದಿನ ಬೆಳಿಗ್ಗೆ ಮೇಸ್ತ್ರಿ ಎಂದಿನಂತೆ ಎಲಿವೇಟರಿನ ಬುಡಕ್ಕೆ ಹೋಗಿ ಮುಚ್ಚಳ ತೆಗೆದ, ಮುಚ್ಚಿದ, ಬಟನ್ ಒತ್ತಿದ. ಮಿಲ್ ಶುರುವಾಯಿತು. ಆ ಗದ್ದಲದಲ್ಲಿ ನಾನು ಹೋಗಿಬರುತ್ತೇನೆ ಎಂದದ್ದು ಅವನಿಗೆ ಕೇಳಿಸಿತೋ ಇಲ್ಲವೋ. ತಲೆಯಾಡಿಸಿ, "ಊಟ ಮಾಡ್ಕಂಡು ಹೋಗಿ ಅಮ್ಮ, ಬಸ್ಸು ತಡ ಐತೆ," ಎಂದ.